ಜನಿವಾರದಲ್ಲಿ ಪಾರ್ಕಿನ ಬೀಗದ ಕೈ

ನಸುಕಿನ ವಿಮಾನ

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ, ಅಲ್ಲಿಯ ಶಿಸ್ತು, ಅಲ್ಲಿಯ ಹಾಲಿನ ರುಚಿಯಿಂದ ಕಥೆ ಶುರು ಮಾಡುತ್ತಾರೆ. ನನ್ನ ಕಥೆ ಶುರುವಾಗುವುದು ನನ್ನ ಜನಿವಾರದಿಂದ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಲ್ಟ್ ಬಿಚ್ಚಿದೆ, ವಾಚ್ ಬಿಚ್ಚಿದೆ, ಜೇಬಿನ ಚಿಲ್ಲರೆ ಸುರಿದೆ. ಆದರೂ ಯಂತ್ರ ನನ್ನನ್ನು ಕಂಡೊಡನೆ ಕೂಗುತ್ತಿತ್ತು. ಸಮವಸ್ತ್ರದ ಯುವಕ ಕೈಯಲ್ಲಿದ್ದ ಕೋಲನ್ನು ನನ್ನ ಎದೆಯಿಂದ ಕೆಳಗಿಳಿಸಿದ. ಹೊಟ್ಟೆಯ ಹತ್ತಿರ ಬಂದಾಗ ಅದು ಕಿರುಚಿಕೊಂಡಿತು. ಆಗ ನನಗೆ ಎಲ್ಲವೂ ನೆನಪಾಯಿತು.

"ಏನಿದೆ ಸಾರ್ ಒಳಗೆ?"

ಅಂಗಿಯ ಗುಂಡಿ ಬಿಚ್ಚಿ ಜನಿವಾರ ಎಳೆದೆ. ಅದರಲ್ಲಿ ಒಂದು ರಿಂಗು, ರಿಂಗಿನಲ್ಲಿ ಮೂರು ಹೊಸ ಬೀಗದ ಕೈ.

"ಮನೆ ಕೀನಾ?"

"ಪಾರ್ಕಿಂದು. ಜಯನಗರದ್ದು. ನಾನು ಅದರ ಸೆಕ್ರೆಟರಿ."

ಅವನು ಒಮ್ಮೆ ನನ್ನನ್ನು, ಒಮ್ಮೆ ರಿಂಗನ್ನು ನೋಡಿದ. "ಮೂರೂ ನೀವೇ ತಗೊಂಡ್ ಹೋಗ್ತಿದೀರಲ್ಲ. ಅಲ್ಲಿ ಗೇಟ್ ಯಾರ್ ತೆಗೀತಾರೆ ಸಾರ್?"

ಜನಿವಾರಕ್ಕೆ ಬೀಗದ ಕೈ ಕಟ್ಟುವುದು ನಮ್ಮ ಮನೆಯ ಗಂಡಸರ ಹಳೆಯ ಪದ್ಧತಿ. ನಮ್ಮ ತಂದೆ ಬೀರುವಿನ ಕೀಯನ್ನು ಹಾಗೆಯೇ ಕಟ್ಟಿಕೊಂಡು ಬಾಳಿದವರು. ಪ್ಯಾಂಟಿನ ಜೇಬನ್ನು ನಂಬುವಂತಿಲ್ಲ, ಪ್ಯಾಂಟು ದಿನವೂ ಬದಲಾಗುತ್ತದೆ. ಜನಿವಾರ ಬದಲಾಗುವುದು ವರ್ಷಕ್ಕೊಮ್ಮೆ, ಉಪಾಕರ್ಮದ ದಿನ. ಹಿಂದಿನ ರಾತ್ರಿ ಪಾರ್ಕಿನ ಗೇಟಿಗೆ ಬೀಗ ಜಡಿದು, ಎಂದಿನಂತೆ ಎರಡು ಸಲ ಜಗ್ಗಿ ನೋಡಿ, ಕೀಯನ್ನು ವಾಚ್‌ಮನ್ ಮುನಿಯಪ್ಪನಿಗೆ ಕೊಡಬೇಕು ಎಂದುಕೊಂಡೇ ಮನೆಗೆ ಬಂದಿದ್ದೆ. ಮನೆಯಲ್ಲಿ ಸೂಟ್‌ಕೇಸ್ ತೂಕ ಹೆಚ್ಚಾಗಿದೆ ಎಂದು ಹೆಂಡತಿ ಪದ್ಮಾ ಹಪ್ಪಳ ತೆಗೆದು ಹಾಕುತ್ತಿದ್ದಳು, ನಾನು ಸಂಡಿಗೆ ತೆಗೆದು ಹಾಕುತ್ತಿದ್ದೆ. ಆ ಗಲಾಟೆಯಲ್ಲಿ ಮುನಿಯಪ್ಪ ಮರೆತೇಹೋದ.

ಈಗ ಅವನಿಗೆ ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಆ ಯುವಕನಿಗೇ ಕೀ ಕೊಡಲು ಹೋಗಿ, ಯಾರಾದರೂ ಬಂದು ಇಸಿದುಕೊಳ್ಳುತ್ತಾರೆ ಎಂದೆ. ಅವನು ಕೈಮುಗಿದ. ಹಿಂದೆ ನಿಂತ ಸಾಲು ಗೊಣಗತೊಡಗಿತು. ಪದ್ಮಾ ತನ್ನ ಚಪ್ಪಲಿ ಹಾಕಿಕೊಳ್ಳುತ್ತಾ, "ಸೇಫ್ಟಿ ಪಿನ್ ಇದ್ರೆ ತೆಗೆದಿಡು ಅಂತ ನಂಗೆ ಬುದ್ಧಿ ಹೇಳಿದ್ರಿ" ಎಂದಳು.

ಮೋಡದ ಮೇಲೆ

ವಿಮಾನದಲ್ಲಿ ಎಲ್ಲರೂ ಸಿನಿಮಾ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ನಮ್ಮ ಪಾರ್ಕನ್ನು ನೋಡುತ್ತಿದ್ದೆ. ದಕ್ಷಿಣ ಬೆಂಗಳೂರಿನಲ್ಲಿ ಪಾರ್ಕುಗಳಿಗೇನೂ ಕೊರತೆಯಿಲ್ಲ, ಆದರೆ ನಮ್ಮದರಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ನಮ್ಮಲ್ಲಿ ನಡೆಯುವವರು ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯಬೇಕು. ಹುಲ್ಲಿನ ಮೇಲೆ ಓಡಾಡಬಾರದು, ಕೂರಬಾರದು, ಮಲಗಬಾರದು. ತಿಂಡಿ ತರಬಾರದು, ಚೆಂಡು ತರಬಾರದು, ಹೂವು ಮುಟ್ಟಬಾರದು, ಜೋಡಿಯಾಗಿ ಬಹಳ ಹೊತ್ತು ಕೂರಬಾರದು. ಇಷ್ಟನ್ನೂ ಬರೆಯಲು ಒಂದು ಬೋರ್ಡು ಸಾಲದೆ ಪೇಂಟರ್ ಎರಡನೆಯದನ್ನು ತಂದು ನೆಟ್ಟ. ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿದರೆ ಸಂಜೆ ನಾಲ್ಕರವರೆಗೆ ಒಂದು ನರಪಿಳ್ಳೆಯೂ ಒಳಗೆ ಬರುವಂತಿಲ್ಲ. ಅದು ಹುಲ್ಲಿನ ವಿಶ್ರಾಂತಿಯ ಸಮಯ.

ಈ ವಿಶ್ರಾಂತಿಯ ಮೇಲೆ ಕಣ್ಣು ಹಾಕಿದವರು ನಾಗರಾಜಪ್ಪ. ಸಂಘದ ಉಪಾಧ್ಯಕ್ಷರು. ಪಕ್ಕದ ಸಿದ್ದಾಪುರದ ಹಳೆಯ ಮನೆತನ, ಈಗ ಅಲ್ಲಿ ಇಲ್ಲಿ ಬಾಡಿಗೆ ಮನೆಗಳಿವೆ. ನಮ್ಮ ಪಾರ್ಕಿರುವ ಜಾಗ ಒಂದು ಕಾಲಕ್ಕೆ ಅವರ ಸೊಪ್ಪಿನ ತೋಟವಾಗಿತ್ತಂತೆ. ನಡುವಿನ ಹೊಂಗೆಮರ ಅವರ ಅಜ್ಜಿ ನೆಟ್ಟದ್ದಂತೆ. ಪ್ರತಿ ಮೀಟಿಂಗಿನಲ್ಲೂ ಈ ಅಜ್ಜಿ ಬಂದೇ ಬರುತ್ತಾಳೆ.

"ಸಾರ್, ಪಕ್ಕದ್ ಆಸ್ಪತ್ರೆಗೆ ಬಂದೋರು ಫುಟ್‌ಪಾತ್ ಮೇಲೆ ಕುಂತ್ಕಂಡು ಊಟ ಮಾಡ್ತವ್ರೆ" ಎಂದು ಕಳೆದ ಸಭೆಯಲ್ಲಿ ಶುರು ಮಾಡಿದರು. "ಡೆಲಿವರಿ ಹುಡುಗ್ರು ಬಿಸಿಲಲ್ಲಿ ಗಾಡಿ ಮೇಲೇ ಒರಗ್ತವ್ರೆ. ಒಳ್ಗಡೆ ನೆರಳು, ಬೆಂಚು ಎಲ್ಲಾ ಖಾಲಿ. ಯಾರಿಗೆ ಅಂತ ಬೀಗ ಹಾಕಿ ಮಡಿಗಿದೀವಿ ಸಾರ್ ಇದನ್ನ? ನಮ್ಮಜ್ಜಿ ಇದೇ ಮರದ ಕೆಳ್ಗೆ ಮಧ್ಯಾಹ್ನ ಮಲಕ್ಕತಿದ್ಳು."

"ನಿಮ್ಮ ಅಜ್ಜಿಯ ಕಾಲದಲ್ಲಿ ಲಾನ್ ಇರಲಿಲ್ಲ ನಾಗರಾಜಪ್ಪನವರೇ" ಎಂದೆ. ಸಭೆ ನಕ್ಕಿತು. ಆದರೆ ನಕ್ಕವರಲ್ಲಿ ಅರ್ಧ ಜನ ಆಮೇಲೆ ಅವರ ಜೊತೆ ಕಾಫಿಗೆ ಹೋದರು. ಮಧ್ಯಾಹ್ನ ಗೇಟು ತೆರೆಯಬೇಕೋ ಬೇಡವೋ ಎಂದು ಮುಂದಿನ ಸಭೆಯಲ್ಲಿ ಕೈಯೆತ್ತಿಸಿ ತೀರ್ಮಾನಿಸುವುದೆಂದಾಯಿತು. ಸಭೆ ನಾವು ಅಮೆರಿಕದಿಂದ ಬಂದ ಮೇಲೆ. ಕೈಗಳು ಆ ಕಡೆ ಹೆಚ್ಚಾದರೆ ಬೀಗ ಹೋಯಿತು, ಬೀಗ ಹೋದರೆ ನಾನು ಸೆಕ್ರೆಟರಿಯಾಗಿ ಉಳಿದು ಮಾಡುವುದೇನು? ಅಷ್ಟರಲ್ಲಿ ಯಾರೋ ಹಳೆಯ ಬೀಗಕ್ಕೆ ಡೂಪ್ಲಿಕೇಟ್ ಮಾಡಿಸಿ ಮಧ್ಯಾಹ್ನ ಒಳಗೆ ಹೋಗುತ್ತಿದ್ದಾರೆ ಎಂಬ ಗುಮಾನಿ ಬಂತು. ಹೊಂಗೆಮರದ ಕೆಳಗೆ ಕಡಲೆಕಾಯಿ ಸಿಪ್ಪೆ ಸಿಕ್ಕಿತ್ತು. ನಾನು ಹೊಸ ಬೀಗ ತಂದೆ, ಕೈಗೆ ಒಂದೂವರೆ ಕೆಜಿ ಇದ್ದಂತಿತ್ತು. ಸೆಕ್ರೆಟರಿಯ ಅಪ್ಪಣೆಯಿಲ್ಲದೆ ಯಾರೂ ಬೀಗಕ್ಕಾಗಲೀ ಸರಪಳಿಗಾಗಲೀ ಕೈ ಹಚ್ಚಬಾರದು ಎಂದು ಕಮಿಟಿಯಲ್ಲಿ ಠರಾವು ಪಾಸು ಮಾಡಿಸಿದೆ. ಮೂರು ಕೀಗಳನ್ನೂ ನಾನೇ ಇಟ್ಟುಕೊಂಡೆ.

ಈಗ ಅವು ಅಟ್ಲಾಂಟಿಕ್ ಸಾಗರದ ಮೇಲೆ ನನ್ನ ಹೊಟ್ಟೆಗೆ ತಣ್ಣಗೆ ತಾಗುತ್ತಿದ್ದವು.

ಮಿಷಿಗನ್, ರಘುವಿನ ಮನೆ

ಪದ್ಮಾಳ ತಮ್ಮ ರಘು ಮಿಷಿಗನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುತ್ತಾನೆ. ಒಬ್ಬನೇ ಇದ್ದಾನೆ, ಅಡುಗೆ ಚೆನ್ನಾಗಿ ಮಾಡುತ್ತಾನೆ, ಮಾತು ಸ್ವಲ್ಪ ಹೆಚ್ಚು. ನಾವು ಅವನ ಮನೆ ಮುಟ್ಟಿ ಕಾಫಿ ಕುಡಿಯುವಷ್ಟರಲ್ಲಿ ನನ್ನ ಫೋನಿಗೆ ಸಂಘದ ವಾಟ್ಸಾಪ್ ಗ್ರೂಪಿನಿಂದ ಮೆಸೇಜುಗಳು ಸುರಿಯತೊಡಗಿದವು. ಗೇಟಿನ ಹೊರಗೆ ಕ್ಯಾನ್ವಾಸ್ ಶೂ ಹಾಕಿ ನಿಂತ ಜನರ ಫೋಟೋ. ಸಪ್ಪೆ ಮುಖದ ಮುನಿಯಪ್ಪನ ಫೋಟೋ. ಬೀಗದ ಫೋಟೋ, ಹತ್ತಿರದಿಂದ.

ನಾನು ನಡೆದದ್ದನ್ನು ಬರೆದು ಹಾಕಿದೆ. ಆಮೇಲೆ ಶುರುವಾಯಿತು ನೋಡಿ. ಬೀಗ ಒಡೆಯಿರಿ ಎಂದರು ಕೆಲವರು. ಠರಾವಿನ ಪ್ರಕಾರ ಸೆಕ್ರೆಟರಿಯ ಅಪ್ಪಣೆ ಬೇಕು ಎಂದರು ಇನ್ನು ಕೆಲವರು. ಅಪ್ಪಣೆ ಬಾಯಿಮಾತಿನಲ್ಲಿ ಸಾಕೋ, ಸಹಿ ಬೇಕೋ ಎಂದು ಒಬ್ಬ ನಿವೃತ್ತ ಆಡಿಟರ್ ಕೇಳಿದರು. ಠರಾವು ಬದಲಾಯಿಸಲು ಕಮಿಟಿ ಕರೆಯಬೇಕು, ಕಮಿಟಿ ಕರೆಯುವ ಅಧಿಕಾರ ಸೆಕ್ರೆಟರಿಗೆ ಮಾತ್ರ, ಸೆಕ್ರೆಟರಿ ಮಿಷಿಗನ್‌ನಲ್ಲಿ. ನಡುವೆ ಒಬ್ಬರು ಗುಡ್ ಮಾರ್ನಿಂಗ್ ಎಂದು ಗುಲಾಬಿ ಹೂವಿನ ಚಿತ್ರ ಹಾಕಿದರು. ಈ ಚರ್ಚೆ ನಡೆದಷ್ಟು ದಿನವೂ ನಮ್ಮ ಜನ ಪಾರ್ಕಿನ ಕಾಂಪೌಂಡಿನ ಸುತ್ತ, ಹೊರಗಿನ ರಸ್ತೆಯಲ್ಲಿ, ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆದರು ಎಂದು ತಿಳಿದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

"ಕೀ ಕೊರಿಯರ್ ಮಾಡೋಣ ಭಾವ" ಎಂದ ರಘು.

"ದಾರೀಲಿ ಕಳೆದ್ರೆ? ಯಾರ ಕೈಗಾದ್ರೂ ಸಿಕ್ಕಿದ್ರೆ?"

"ಜಯನಗರದ ಪಾರ್ಕಿನ ಕೀ ಇಟ್ಕೊಂಡು ಇಲ್ಲಿಯೋರು ಏನ್ ಮಾಡ್ತಾರೆ ಭಾವ?"

ನಾನು ರಿಂಗನ್ನು ಅಂಗಿಯೊಳಗೆ ತಳ್ಳಿಕೊಂಡೆ. ಅವನು ಮಾತು ಬದಲಿಸಿದ. "ಬಿಡಿ, ನಿಮಗೆ ಪಾರ್ಕು ಅಂದ್ರೆ ಪ್ರಾಣ ಅಲ್ವಾ? ಅದಕ್ಕೇ ಸ್ಟೇಟ್ ಪಾರ್ಕಲ್ಲಿ ಜಾಗ ಬುಕ್ ಮಾಡಿದೀನಿ. ಕಾಡಿದೆ, ಸಮುದ್ರದ ಥರ ಸರೋವರ ಇದೆ. ಅಲ್ಲೇ ಟೆಂಟ್ ಹಾಕಿ ಅಡುಗೆ ಮಾಡ್ಕೊಂಡು ಮಲಗೋದು."

"ಪಾರ್ಕಲ್ಲಿ ಮಲಗೋದಾ?"

"ಹೂಂ."

"ಸರ್ಕಾರದೋರು ಏನೂ ಅನ್ನಲ್ವಾ?"

"ಸರ್ಕಾರದ್ದೇ ಪಾರ್ಕು ಭಾವ. ಮಲಗೋಕೆ ಅಂತಲೇ ಜಾಗ ಮಾಡಿಟ್ಟಿದಾರೆ."

ಪಾರ್ಕಿನಲ್ಲಿ ಮಲಗಿದ ಎಷ್ಟು ಜನರನ್ನು ನಾನು ಸೀಟಿ ಊದಿ ಎಬ್ಬಿಸಿದ್ದೇನೆಂಬ ಲೆಕ್ಕ ನನಗೇ ಇಲ್ಲ. ಈಗ ನನ್ನನ್ನು ಮಲಗಿಸಲು ಬಾಮೈದ ಟೆಂಟು ಕೊಂಡು ತಂದಿದ್ದ. ಪದ್ಮಾ ಮಾತ್ರ ಆಗಲೇ ಕೋಡುಬಳೆಯ ಡಬ್ಬಿ ಚೀಲಕ್ಕೆ ಹಾಕುತ್ತಿದ್ದಳು.

ಕಾರ್ನರ್ ಸೈಟು

ಕ್ಯಾಂಪಿನ ಜಾಗ ನೋಡಿದ ಕೂಡಲೇ ನನಗೆ ಸಮಾಧಾನವಾಯಿತು. ಕಾಡು ಎಂದರೆ ಎಲ್ಲೆಂದರಲ್ಲಿ ಬಿದ್ದುಕೊಳ್ಳುವುದು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮರಗಳ ನಡುವೆ ಸೊಗಸಾಗಿ ಲೇಔಟ್ ಮಾಡಿದ್ದರು. ಅಡ್ಡರಸ್ತೆಗಳು, ಪ್ರತಿ ಸೈಟಿಗೂ ನಂಬರಿನ ಕಂಬ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಸೈಟುಗಳು ನಮ್ಮ ಮೂವತ್ತು ನಲವತ್ತಕ್ಕಿಂತ ದೊಡ್ಡವು. ನಮಗೆ ಸಿಕ್ಕಿದ್ದು ಕಾರ್ನರ್ ಸೈಟು. ಬೆಂಗಳೂರಿನಲ್ಲಿ ಜೀವಮಾನವಿಡೀ ಆಸೆಪಟ್ಟರೂ ಸಿಗದ ಕಾರ್ನರ್ ಸೈಟು, ಎರಡು ದಿನಕ್ಕಾದರೂ ನನ್ನದಾಯಿತು.

ಆದರೆ ರಘು ಟೆಂಟಿನ ಬಾಗಿಲನ್ನು ದಕ್ಷಿಣಕ್ಕೆ ಇಟ್ಟಿದ್ದ.

"ಪೂರ್ವಕ್ಕೆ ತಿರುಗಿಸಪ್ಪ" ಎಂದೆ.

"ಭಾವ, ಪೂರ್ವಕ್ಕೆ ಸರೋವರ ಇದೆ. ಗಾಳಿ ನೇರ ಒಳಗೆ ಬರುತ್ತೆ."

"ಗಾಳಿ ಬಂದ್ರೆ ಬರ್ಲಿ. ದಕ್ಷಿಣದ ಬಾಗಿಲಿನ ಮನೇನ ನಮ್ಮ ಲೇಔಟಲ್ಲಿ ಬಾಡಿಗೆಗೂ ಯಾರೂ ಕೇಳಲ್ಲ."

ಪದ್ಮಾ ಸುಮ್ಮನೆ ಕಲ್ಲಿನ ಮೇಲೆ ಕೂತು ನಮ್ಮ ವಾಸ್ತುವಿನ ಕೆಲಸ ನೋಡುತ್ತಿದ್ದಳು. ಟೆಂಟು ಪೂರ್ವಾಭಿಮುಖವಾಯಿತು. ನಾನು ಬಲಗಾಲಿಟ್ಟು ಒಳಗೆ ಹೋದೆ. ಸರೋವರದ ಗಾಳಿಯೂ ಬಲಗಾಲಿಟ್ಟೇ ಬಂದಿರಬೇಕು. ಟೆಂಟು ಪೂರಿಯಂತೆ ಉಬ್ಬಿ, ಗೂಟಗಳು ಕಿತ್ತು, ನನ್ನನ್ನು ಒಳಗಿಟ್ಟುಕೊಂಡೇ ಪಕ್ಕದ ಸೈಟಿನವರ ಮೇಜಿನವರೆಗೆ ಉರುಳಿತು. ಅಲ್ಲಿ ಊಟಕ್ಕೆ ಕೂತಿದ್ದ ದಂಪತಿ ಎದ್ದು, ಜಿಪ್ಪು ಎಳೆದು, ನನ್ನನ್ನು ಹೊರಗೆ ತೆಗೆದು, ಹವಾಮಾನ ಬಹಳ ಚೆನ್ನಾಗಿದೆ ಅಲ್ಲವೇ ಎಂದು ಕೇಳಿದರು. ಹೌದು ಎಂದೆ. ಆಮೇಲೆ ಬಾಗಿಲು ದಕ್ಷಿಣಕ್ಕೇ ಹೋಯಿತು.

ಈ ಗದ್ದಲ ಕೇಳಿ ಬಂದವಳು ಲಿಂಡಾ. ಬೆಳ್ಳಿ ಕೂದಲು, ಕಿತ್ತಳೆ ಬಣ್ಣದ ಕೋಟು, ಕೂತು ಬರಲು ಒಂದು ಪುಟ್ಟ ಬ್ಯಾಟರಿ ಗಾಡಿ. ಅವಳು ಸಂಬಳವಿಲ್ಲದೆ ಕ್ಯಾಂಪು ನೋಡಿಕೊಳ್ಳುವವಳು, ಬೇಸಿಗೆ ಪೂರ್ತಿ ಇಲ್ಲೇ ತನ್ನ ಗಾಡಿಮನೆಯಲ್ಲಿ ಇರುತ್ತಾಳೆ ಎಂದು ರಘು ಹೇಳಿದ. ಸಂಬಳವಿಲ್ಲ, ಪಾರ್ಕಿನ ಉಸಾಬರಿ, ಕಂಡವರನ್ನೆಲ್ಲ ವಿಚಾರಿಸುವುದು! ಕಡಲಾಚೆ ನನ್ನ ಸ್ವಂತ ಅಕ್ಕ ಸಿಕ್ಕಂತಾಯಿತು.

"ನಾನೂ ಒಂದು ಪಾರ್ಕು ನಡೆಸುತ್ತೇನೆ" ಎಂದೆ ನನ್ನ ಇಂಗ್ಲಿಷಿನಲ್ಲಿ. ಅವಳಿಗೆ ಬಹಳ ಸಂತೋಷವಾಯಿತು. ನಿಮ್ಮಲ್ಲಿ ಎಷ್ಟು ಟೆಂಟು ಹಿಡಿಸುತ್ತದೆ ಎಂದು ಕೇಳಿದಳು. ಟೆಂಟಿಲ್ಲ ಎಂದೆ. ಮತ್ತೆ ಜನ ಬಂದು ಏನು ಮಾಡುತ್ತಾರೆ ಎಂದಳು. ಸುತ್ತುತ್ತಾರೆ ಎಂದೆ.

"ನೀವು ಗೇಟಿಗೆ ಬೀಗ ಹಾಕುವುದು ಎಷ್ಟು ಗಂಟೆಗೆ?" ಎಂದು ನಾನು ವೃತ್ತಿಯ ಮಾತಿಗೆ ಬಂದೆ.

"ಬೀಗವೇ? ಜನ ಒಳಗೆ ಮಲಗಿರುತ್ತಾರಲ್ಲ" ಎಂದಳು ಲಿಂಡಾ. "ಯಾರನ್ನು ಕೂಡಿಹಾಕುವುದು?"

ನಾನು ಅಂಗಿಯ ಮೇಲಿಂದಲೇ ರಿಂಗನ್ನು ಮುಟ್ಟಿಕೊಂಡೆ. ನನಗೆ ಹೊಟ್ಟೆನೋವೆಂದು ಅವಳಿಗೆ ಅನಿಸಿರಬೇಕು, ಶೌಚಾಲಯ ಎಲ್ಲಿದೆ ಎಂದು ತೋರಿಸಿ ಹೋದಳು. ಹೋಗುವ ಮುಂಚೆ ತಿಂಡಿಯನ್ನೆಲ್ಲ ಕಾರಿನೊಳಗೆ ಇಡಿ, ಇಲ್ಲಿ ರಕೂನ್ ಕಾಟ ಎಂದು ಹೇಳಿದ್ದಳು. ನಮ್ಮ ಕೋಡುಬಳೆಯ ಡಬ್ಬಿಯ ಮುಚ್ಚಳವನ್ನು ನಾನೇ ಗುದ್ದಿ ತೆಗೆಯಬೇಕು, ಪ್ರಾಣಿಗೆಲ್ಲಿ ಬರುತ್ತದೆ ಎಂದು ಮೇಜಿನ ಮೇಲೆಯೇ ಬಿಟ್ಟು ಸರೋವರ ನೋಡಲು ಹೋದೆವು. ಬಂದಾಗ ಹೆಗ್ಗಣಕ್ಕಿಂತ ದೊಡ್ಡದಾದ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತಿದ್ದ ಒಂದು ಪ್ರಾಣಿ ಮೇಜಿನ ಮೇಲೆ ಕೂತು, ಮುಚ್ಚಳವನ್ನು ಪಕ್ಕಕ್ಕೆ ನೀಟಾಗಿ ಇಟ್ಟು, ಎರಡು ಕೈಯಲ್ಲೂ ಕೋಡುಬಳೆ ಹಿಡಿದು ತಿನ್ನುತ್ತಿತ್ತು. ಖಾರ ಹತ್ತಿದಾಗ ಕೈ ತೊಳೆಯುವವರಂತೆ ಉಜ್ಜಿಕೊಂಡು ಮತ್ತೆ ಇನ್ನೊಂದಕ್ಕೆ ಕೈ ಹಾಕಿತು. ನಾನು ಅಭ್ಯಾಸಬಲದಿಂದ ಸೀಟಿಗಾಗಿ ಕುತ್ತಿಗೆ ತಡವಿದೆ.

"ಡಬ್ಬಿಗೆ ಬೀಗ ಹಾಕಬೇಕಿತ್ತು" ಎಂದೆ.

"ಹಾಕಿ. ಕೀ ಹೇಗೂ ಇದೆಯಲ್ಲ" ಎಂದಳು ಪದ್ಮಾ.

ಬೆಳಗಿನ ನಲ್ಲಿ

ಮರುದಿನ ಎಂದಿನಂತೆ ಬೆಳಗಿನ ಜಾವಕ್ಕೇ ಎಚ್ಚರವಾಯಿತು. ಕ್ಯಾಂಪಿನ ಸಾರ್ವಜನಿಕ ನಲ್ಲಿಯ ಹತ್ತಿರ ಹೋಗಿ, ಹಲ್ಲುಜ್ಜಿ, ಸ್ಟೀಲಿನ ಪಟ್ಟಿಯಿಂದ ನಾಲಿಗೆ ಹೆರೆದು, ಗಂಟಲು ಶುದ್ಧಿ ಮಾಡಿದೆ. ನಮ್ಮ ಕಡೆ ಗಂಡಸಾದವನು ಗಂಟಲು ಶುದ್ಧಿ ಮಾಡಿದರೆ ಎರಡು ಮನೆಯಾಚೆಯವರಿಗೆ ಬೆಳಗಾದದ್ದು ಗೊತ್ತಾಗಬೇಕು. ಅಷ್ಟು ದೊಡ್ಡ ಕಾಡು, ಅಷ್ಟು ದೊಡ್ಡ ಸರೋವರ, ನನ್ನ ಸ್ವರ ಹೋಗಿ ಆಚೆ ದಡಕ್ಕೆ ತಾಗಿ ವಾಪಸ್ ಬಂತು. ನನಗೂ ಉತ್ಸಾಹ ಬಂದು ಇನ್ನೊಂದು ಸಲ ಮಾಡಿದೆ.

ಟೆಂಟುಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಂಡವು. ಎಲ್ಲೋ ಮಗು ಅತ್ತಿತು. ಲಿಂಡಾ ರಾತ್ರಿಯ ಉಡುಪಿನ ಮೇಲೆ ಕಿತ್ತಳೆ ಕೋಟು ಹಾಕಿ, ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಓಡುತ್ತಾ ಬಂದಳು. ಯಾರಿಗೋ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದಿದ್ದಳು. ಇಲ್ಲ, ಇದು ನಮ್ಮ ದಿನಚರಿ ಎಂದು ವಿವರಿಸಿದೆ. ಅವಳು ಉಸಿರು ಬಿಟ್ಟು, ನನ್ನ ಭುಜದ ಮೇಲೆ ಕೈಯಿಟ್ಟು, ಬೆಳಗಾಗುವವರೆಗೆ ಇಲ್ಲಿ ಸದ್ದು ಮಾಡಬಾರದೆಂಬ ನಿಯಮವಿದೆ ಎಂದು ಮೆತ್ತಗೆ ಹೇಳಿದಳು.

ಇಷ್ಟು ವರ್ಷ ಜನರಿಗೆ ನಿಯಮ ಹೇಳಿದವನು ನಾನು. ನನಗೆ ಯಾರೂ ಹೇಳಿರಲಿಲ್ಲ. ಮುಖ ಕೆಂಪಗಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ನಿಯಮ ಎಲ್ಲಿ ಬರೆದಿದ್ದೀರಿ? ಬೋರ್ಡು ಕಾಣಲಿಲ್ಲ."

"ಬೇರೆಯವರು ಮಲಗಿದ್ದಾರಲ್ಲ" ಎಂದಳು ಅವಳು, ಅದೇ ಬೋರ್ಡು ಎನ್ನುವಂತೆ. ಸೀಟಿ ಊದಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ. ಇಂಥ ಸೆಕ್ರೆಟರಿಯನ್ನು ನಮ್ಮ ಬ್ಲಾಕಿನವರು ಒಂದು ವಾರದಲ್ಲಿ ಹುರಿದು ಮುಕ್ಕುತ್ತಾರೆ ಎಂದುಕೊಳ್ಳುತ್ತಾ ಟೆಂಟಿಗೆ ಬಂದೆ.

ಸಂಜೆಯ ಹುಲ್ಲು

ಅಲ್ಲಿಯ ಬೇಸಿಗೆಯಲ್ಲಿ ರಾತ್ರಿ ಊಟವಾದ ಮೇಲೂ ಬಿಸಿಲಿರುತ್ತದೆ. ಪದ್ಮಾ ಬೆಂಕಿಯ ಮೇಲೆ ಬಿಸಿಬೇಳೆಬಾತ್ ಮಾಡಿದ್ದಳು. ಇಂಗಿನ ವಾಸನೆಗೆ ಪಕ್ಕದ ಸೈಟಿನ ದಂಪತಿ ತಟ್ಟೆ ಹಿಡಿದೇ ಬಂದರು, ಕಣ್ಣಲ್ಲಿ ನೀರು ಸುರಿಸುತ್ತಾ ತಿಂದರು, ಬಹಳ ಚೆನ್ನಾಗಿದೆ ಎಂದರು. ರಘು ಪಾತ್ರೆ ತೊಳೆಯಲು ಹೋದ. ಸರೋವರದ ಅಂಚಿನವರೆಗೆ ಹುಲ್ಲಿನ ಒಂದು ದೊಡ್ಡ ಬಯಲಿತ್ತು. ಜನ ಅದರ ಮೇಲೆ ಹೇಗೆಂದರೆ ಹಾಗೆ ಬಿದ್ದುಕೊಂಡಿದ್ದರು. ಒಬ್ಬ ಓದುತ್ತಿದ್ದ, ಒಬ್ಬಳು ಮಗುವಿಗೆ ಅನ್ನವನ್ನೋ ಏನನ್ನೋ ತಿನ್ನಿಸುತ್ತಿದ್ದಳು, ಒಂದು ನಾಯಿ ಉರುಳಾಡುತ್ತಿತ್ತು. ಹುಲ್ಲು ಮಾತ್ರ ನಮ್ಮ ಪಾರ್ಕಿನದಕ್ಕಿಂತ ಹಸಿರಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲದೆ, ಇದು ಬೇರೆ ಜಾತಿಯ ಹುಲ್ಲು ಎಂದೆ.

ಪದ್ಮಾ ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹೋಗಿ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತಳು. ಆಮೇಲೆ ಸೆರಗು ಸರಿಮಾಡಿಕೊಂಡು ಅಂಗಾತ ಮಲಗಿಯೇಬಿಟ್ಟಳು.

"ಏಯ್, ಏನಿದು?" ಎಂದೆ.

"ತಣ್ಣಗಿದೆ" ಎಂದಳು. ಸ್ವಲ್ಪ ಹೊತ್ತು ಆಕಾಶ ನೋಡಿದಳು. "ನಿಮ್ಮ ಪಾರ್ಕಿನ ಎದುರು ಮನೇಲಿ ಇಷ್ಟು ವರ್ಷ ಇದೀನಿ ಕಣ್ರೀ. ಒಂದು ದಿನ ಹೀಗೆ ಹುಲ್ಲಿನ ಮೇಲೆ ಕೂತಿಲ್ಲ."

"ನೀನು ಪಾರ್ಕಿಗೆ ಬರೋದೇ ಬಿಟ್ಯಲ್ಲ."

"ಮಂಡಿನೋವು ಶುರುವಾದ್ಮೇಲೆ ಬೆಳಗ್ಗೆ ಆ ಓಡೋರ ಮಧ್ಯೆ ನಂಗೇನು ಕೆಲಸ? ನಿಂತ್ರೆ ಹಿಂದಿನೋರು ಗುದ್ದುತಾರೆ. ಬೆಂಚಿನ ಮೇಲೆಲ್ಲಾ ಟವೆಲ್ ಹಾಕಿ ಹಿಡಿದಿಟ್ಟಿರ್ತಾರೆ. ತಿಂಡಿ, ಅಡುಗೆ, ಪಾತ್ರೆ ಎಲ್ಲಾ ಮುಗಿದು ನಂಗೆ ಬಿಡುವಾಗೋದು ಹನ್ನೊಂದು ಗಂಟೆಗೆ. ಆಗ ನಿಮ್ಮ ಹುಲ್ಲು ರೆಸ್ಟ್ ತಗೊಳ್ತಿರುತ್ತೆ." ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಹಾಲಿನವನು ಬಂದ ಎನ್ನುವಷ್ಟು ಸಹಜವಾಗಿ ಹೇಳಿದಳು. "ಕಿಟಕೀಲಿ ನಿಂತು ನೋಡ್ತೀನಿ. ಹೊಂಗೆಮರದ ನೆರಳು ಚೆನ್ನಾಗಿ ಬಿದ್ದಿರುತ್ತೆ."

ಹೇಳುತ್ತಾ ಹೇಳುತ್ತಾ ಅವಳಿಗೆ ನಿದ್ದೆ ಬಂತು. ಮನೆಯಲ್ಲಿ ಮಂಡಿನೋವಿಗೆ ಮಗ್ಗುಲು ಬದಲಿಸಿ ಬದಲಿಸಿ ಒದ್ದಾಡುವವಳು, ಪರದೇಶದ ಹುಲ್ಲಿನ ಮೇಲೆ ಬಾಯಿ ತುಸು ತೆರೆದು ಗೊರಕೆ ಹೊಡೆಯತೊಡಗಿದಳು. ಯಾರೂ ಬಂದು ಎಬ್ಬಿಸಲಿಲ್ಲ. ಲಿಂಡಾ ತನ್ನ ಗಾಡಿಯಲ್ಲಿ ಅತ್ತ ಹೋಗುವವಳು ಅವಳನ್ನು ನೋಡಿ, ಸದ್ದಾಗದಂತೆ ಬಳಸಿಕೊಂಡು ಹೋದಳು. ನನ್ನ ಹೆಂಡತಿ ಮಧ್ಯಾಹ್ನ ಕಿಟಕಿಯಲ್ಲಿ ನಿಲ್ಲುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಆಗಲೇ ಫೋನ್ ಬಂತು. ನಾಗರಾಜಪ್ಪ. ಅಲ್ಲಿ ಬೆಳಗಾಗುತ್ತಿತ್ತು.

"ಸಾರ್, ಜನ ಗೇಟ್ ಮುಂದೆ ನಿಂತವ್ರೆ. ಎಷ್ಟ್ ದಿನ ಅಂತ ರೋಡಲ್ಲಿ ಸುತ್ತಾಕ್ಕತಾರೆ? ನಿನ್ನೆ ಒಬ್ರಿಗೆ ಸ್ಕೂಟರ್ ತಗುಲ್ತು. ಬೀಗ ಒಡೀಲಾ? ನೀವು ಒಂದ್ ಮಾತು ಹೇಳ್ಬೇಕು. ನೀವು ಹೇಳ್ದೆ ನಾನ್ ಮುಟ್ಟಾಕಿಲ್ಲ."

ನಾನು ಪದ್ಮಾಳಿಂದ ನಾಲ್ಕು ಹೆಜ್ಜೆ ದೂರ ಹೋಗಿ, ದನಿ ತಗ್ಗಿಸಿದೆ. ಒಡೆಯಿರಿ ಎಂದರೆ ನಾಳೆ ಸಭೆಯಲ್ಲಿ ಎಲ್ಲರೂ ನಗುತ್ತಾರೆ. ಬೇಡ ಎಂದರೆ ಗೇಟು ಹಾಗೇ ಮುಚ್ಚಿರುತ್ತದೆ.

"ಬೀಗ ಒಡೀಬೇಡಿ" ಎಂದೆ.

"ಮತ್ತೆ?"

"ಬೀಗ ಮುಟ್ಟೋ ಹಾಗಿಲ್ಲ. ಸರಪಳೀನೂ ಮುಟ್ಟೋ ಹಾಗಿಲ್ಲ. ಠರಾವಲ್ಲಿ ಅಷ್ಟೇ ಇರೋದು."

ಆ ಕಡೆ ಯಾರೋ ಕೆಮ್ಮಿದ್ದು ಕೇಳಿಸಿತು. ನಮ್ಮ ಹೊಂಗೆಮರದ ಕಾಗೆಯೂ ಕೇಳಿಸಿತು.

"ಗೇಟು ಸಾರ್?" ಎಂದರು ನಾಗರಾಜಪ್ಪ, ಬಹಳ ಹುಷಾರಾಗಿ.

"ಗೇಟಿನ ಬಗ್ಗೆ ಠರಾವಲ್ಲಿ ಏನೂ ಬರೆದಿಲ್ಲ ನಾಗರಾಜಪ್ಪನವರೇ."

"ಹಂಗಾ. ಕಂಬದ ಹಿಂಜಸ್ಸಿಂದ ಎತ್ತಿದ್ರೆ ಬೀಗದ ಸಮೇತ ಬರ್ತದೆ ಸಾರ್ ಅದು."

"ನನಗೆ ಅದೆಲ್ಲ ಗೊತ್ತಿಲ್ಲ" ಎಂದು ಫೋನ್ ಇಟ್ಟೆ. ಹಿಂದಕ್ಕೆ ಬಂದು ಪದ್ಮಾಳ ಪಕ್ಕದಲ್ಲಿ ನಿಂತೆ, ಆಮೇಲೆ ಆ ಕಡೆ ಈ ಕಡೆ ನೋಡಿ ಹುಲ್ಲಿನ ಮೇಲೆ ಕೂತೆ. ಪ್ಯಾಂಟು ಒದ್ದೆಯಾಯಿತು.

ಜಯನಗರ

ಬೆಂಗಳೂರಿಗೆ ಬಂದಿಳಿದ ದಿನ ಮಧ್ಯಾಹ್ನ, ಸೂಟ್‌ಕೇಸುಗಳನ್ನು ಬಾಗಿಲಲ್ಲೇ ಬಿಟ್ಟು ಪಾರ್ಕಿಗೆ ಹೋದೆ. ಗೇಟಿನ ಎರಡೂ ಬಾಗಿಲುಗಳನ್ನು ಸರಪಳಿ ಸಮೇತ ಎತ್ತಿ ಕಾಂಪೌಂಡಿಗೆ ಒರಗಿಸಿಟ್ಟಿದ್ದರು. ನಡುವೆ ನನ್ನ ಬೀಗ ಒಂದು ಗೀರೂ ಇಲ್ಲದೆ ಥಳಥಳ ಹೊಳೆಯುತ್ತಿತ್ತು. ಮುನಿಯಪ್ಪ ಓಡಿ ಬಂದು, "ದಿನಾ ಒರೆಸ್ತಿದೀನಿ ಸಾರ್" ಎಂದ. ನಾನು ಹತ್ತಿರ ಹೋಗಿ ಬೀಗವನ್ನು ಎರಡು ಸಲ ಜಗ್ಗಿ ನೋಡಿದೆ. ಭದ್ರವಾಗಿತ್ತು. ಆಮೇಲೆ ಗೇಟಿದ್ದ ಖಾಲಿ ಜಾಗದಿಂದ ಒಳಗೆ ಹೋದೆ.

ಒಳಗಿನ ನೋಟ ನನಗೆ ಪೂರ್ತಿ ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ನನ್ನ ಎರಡನೇ ಬೋರ್ಡಿನ ಮೇಲೆ ಯಾರೋ ಟವೆಲ್ ಒಣಗಲು ಹಾಕಿದ್ದರು. ಕಿತ್ತಳೆ ಸಿಪ್ಪೆ ಬಿದ್ದಿತ್ತು, ಗೊಣಗುತ್ತಾ ಆಯ್ದು ಬುಟ್ಟಿಗೆ ಹಾಕಿದೆ. ಹೊಂಗೆಮರದ ಕೆಳಗೆ ಡೆಲಿವರಿ ಹುಡುಗರು ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಬೆಂಚಿನ ಮೇಲೆ ಆಸ್ಪತ್ರೆಯ ಚೀಟಿ ಹಿಡಿದ ಹೆಂಗಸೊಬ್ಬಳು ಡಬ್ಬಿಯಿಂದ ಮುದ್ದೆ ಮುರಿದು ತಿನ್ನುತ್ತಿದ್ದವಳು ನನ್ನನ್ನು ಕಂಡು ಎದ್ದು ನಿಂತಳು.

"ಕೂತ್ಕೊಳ್ಳಿಮ್ಮ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಸಭೆ ನಡೆಯಿತು. ಮಧ್ಯಾಹ್ನ ಗೇಟು ತೆರೆಯಬೇಕೋ ಮುಚ್ಚಬೇಕೋ ಎಂಬ ವಿಷಯ ಬಂದಾಗ ನಾನು ಎದ್ದು ನಿಂತು, ಗೇಟೇ ಇಲ್ಲದಿರುವಾಗ ತೆರೆಯುವ ಮುಚ್ಚುವ ಪ್ರಶ್ನೆ ಬರುವುದಿಲ್ಲ, ಹಿಂಜಸ್ ಸವೆದಿದೆ, ವೆಲ್ಡರ್ ಬಂದು ಸರಿಮಾಡಿದ ಮೇಲೆ ಕೈಯೆತ್ತಿಸೋಣ ಎಂದೆ. ನಿವೃತ್ತ ಆಡಿಟರ್ ಇದು ಸರಿಯಾದ ಕ್ರಮ ಎಂದರು. ಉಳಿದ ಹೊತ್ತು ಸಭೆಯ ಕಾಫಿ ಏಕೆ ಇಷ್ಟು ನೀರಾಗಿದೆ ಎಂಬ ಚರ್ಚೆಯಲ್ಲಿ ಕಳೆಯಿತು. ನಾನು ಸೆಕ್ರೆಟರಿಯಾಗಿಯೇ ಇದ್ದೇನೆ.

ಈಗ ಪದ್ಮಾ ದಿನವೂ ಹನ್ನೊಂದು ಗಂಟೆಗೆ ಹಳೆಯ ಬೆಡ್‌ಶೀಟು ಹಿಡಿದು ಪಾರ್ಕಿಗೆ ಹೋಗುತ್ತಾಳೆ. ಹೊಂಗೆಮರದ ನೆರಳಿನಲ್ಲಿ ಹುಲ್ಲಿನ ಮೇಲೆ ಹಾಸಿ ಮಲಗುತ್ತಾಳೆ. ನಾನು ಪಕ್ಕದ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿರುತ್ತೇನೆ, ಯಾರಾದರೂ ಸದ್ದು ಮಾಡಿದರೆ ನೋಡಿಕೊಳ್ಳಲು. ಮೂರು ಕೀಗಳೂ ಇನ್ನೂ ಜನಿವಾರದಲ್ಲೇ ಇವೆ.

ಮೊನ್ನೆ ನಾಗರಾಜಪ್ಪ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತರು. ಪದ್ಮಾ ಮಲಗಿರುವುದನ್ನು ನೋಡಿ ದನಿ ತಗ್ಗಿಸಿದರು.

"ಸಾರ್, ವೆಲ್ಡರ್ ಅಂದ್ರಲ್ಲ. ನಮ್ಮ ತಂಗಿ ಮಗ್ನೇ ವೆಲ್ಡಿಂಗ್ ಶಾಪ್ ಮಡಗವ್ನೆ, ಇಲ್ಲೇ ಸುದ್ದಗುಂಟೆಪಾಳ್ಯದಲ್ಲಿ. ಒಂದ್ ಗಂಟೆ ಕೆಲಸ. ಬರಕ್ಕೆ ಹೇಳ್ಲಾ?"

ನಾನು ಪೇಪರಿನ ಇನ್ನೊಂದು ಪುಟ ತಿರುಗಿಸಿದೆ.

"ಅರ್ಜೆಂಟೇನಿಲ್ಲ ನಾಗರಾಜಪ್ಪನವರೇ. ಹಬ್ಬ ಕಳೀಲಿ."

ಅವರು ಯಾವ ಹಬ್ಬ ಎಂದು ಕೇಳಲಿಲ್ಲ.